ಅನ್‌ರೇಟೆಡ್‌ನಲ್ಲಿ ಎದುರಿಗೆ ಬರುವವರು ಕಾಂಪ್‌ಗಿಂತ ಗಟ್ಟಿ ಇರುತ್ತಾರಲ್ಲ, ಯಾಕೆ?

ಕಾಫಿಪುಡಿ_ಹಾಸನ:

ಎಲ್ಲರಿಗೂ ನಮಸ್ಕಾರ. ವ್ಯಾಲೊರಂಟ್ (ಐದು ಜನಕ್ಕೆ ಐದು ಜನ ಆಡುವ ಶೂಟಿಂಗ್ ಆಟ) ಆಡುವವರು ಯಾರಾದರೂ ಇದನ್ನ ಬಿಡಿಸಿ ಹೇಳಿ. ರ‍್ಯಾಂಕ್ ಸಿಗುವ ಕಾಂಪಿಟಿಟಿವ್‌ನಲ್ಲಿ, ಅಂದರೆ ಕಾಂಪ್‌ನಲ್ಲಿ, ನಾನು ಸಿಲ್ವರ್ 2. ಅಲ್ಲಿ ಹೆಚ್ಚಾಗಿ ಒಬ್ಬನೇ ಕ್ಯೂ ಹಾಕುತ್ತೇನೆ (ಮ್ಯಾಚ್ ಹುಡುಕುತ್ತೇನೆ). ಒಂದು ಗೆದ್ದರೆ ಇನ್ನೊಂದು ಸೋಲುತ್ತೇನೆ, ಎದುರಿನವರೂ ನನ್ನ ಹಾಗೇ ಆಡುತ್ತಾರೆ, ಏನೂ ತಕರಾರಿಲ್ಲ. ಆದರೆ ರಾತ್ರಿ ಊಟ ಆದ ಮೇಲೆ ಕಾಲೇಜು ಗೆಳೆಯರ ಜೊತೆ ಸುಮ್ನೆ ರ‍್ಯಾಂಕ್ ಇಲ್ಲದ ಅನ್‌ರೇಟೆಡ್‌ಗೆ ಹೋದರೆ ಬರುವವರು ರಾಕ್ಷಸರು. ಮೊನ್ನೆ ಒಬ್ಬ ಶೆರಿಫ್ ಪಿಸ್ತೂಲ್ ಹಿಡಿದುಕೊಂಡೇ ನಮ್ಮ ಅರ್ಧ ತಂಡವನ್ನ ಮಲಗಿಸಿದ. ಆಮೇಲೆ ಟ್ರ್ಯಾಕರ್ ಸೈಟ್‌ನಲ್ಲಿ ನೋಡಿದರೆ ಅವನು ಡೈಮಂಡ್, ನನಗಿಂತ ಎಷ್ಟೋ ಮೇಲಿನ ರ‍್ಯಾಂಕ್!

ಅನ್‌ರೇಟೆಡ್ ಅಂದರೆ ಸಿಕ್ಕಿದವರನ್ನ ಸಿಕ್ಕಿದವರ ಮೇಲೆ ಬಿಡುತ್ತಾರಾ, ಅಥವಾ ಅಲ್ಲೂ ಏನಾದರೂ ಲೆಕ್ಕ ಇದೆಯಾ? ಇನ್ನೊಂದು ವಿಷಯ, ಅಲ್ಲಿ ಸಾಲಾಗಿ ಸೋತರೆ ನನ್ನ ರ‍್ಯಾಂಕ್‌ಗೂ ಪೆಟ್ಟು ಬೀಳುತ್ತದಾ? ಬೀಳುತ್ತದೆ ಅಂತ ಒಬ್ಬ ಗೆಳೆಯ ಆಣೆ ಮಾಡಿ ಹೇಳುತ್ತಿದ್ದಾನೆ.

ಸ್ಮೋಕ್_ಹಾಕು_ಗುರು:

ಮೊದಲು ಆಣೆ ವಿಷಯ ಮುಗಿಸೋಣ. ಬೀಳುವುದಿಲ್ಲ. ಅನ್‌ರೇಟೆಡ್‌ನಲ್ಲಿ ಎಷ್ಟು ಸೋತರೂ ನಿಮ್ಮ ಸಿಲ್ವರ್ ಅಲ್ಲಾಡುವುದಿಲ್ಲ.

ಹಾಗಂತ ಅಲ್ಲಿ ಲೆಕ್ಕವೇ ಇಲ್ಲ ಅಂದುಕೊಳ್ಳಬೇಡಿ. ನಾವು ಎಷ್ಟು ಚೆನ್ನಾಗಿ ಆಡುತ್ತೇವೆ ಅಂತ ಅಂದಾಜು ಮಾಡುವ ಒಂದು ನಂಬರ್ ಆಟದ ಒಳಗೆ ಇರುತ್ತದೆ, ಅದೇ ಎಂಎಂಆರ್. ಯಾರಿಗೂ ತೋರಿಸುವುದಿಲ್ಲ. ಕಾಂಪ್‌ಗೆ ಒಂದು, ಅನ್‌ರೇಟೆಡ್‌ಗೆ ಬೇರೆ ಒಂದು. ಎರಡು ಕಡೆಯೂ ಜೋಡಿ ಹುಡುಕುವುದು ಆಯಾ ನಂಬರ್ ನೋಡಿಯೇ.

ನಿಮ್ಮ ಪೋಸ್ಟ್‌ನಲ್ಲೇ ಅರ್ಧ ಉತ್ತರ ಇದೆ ನೋಡಿ. ಕಾಂಪ್ ಒಬ್ಬರೇ ಆಡುತ್ತೀರಿ, ಅನ್‌ರೇಟೆಡ್ ಗೆಳೆಯರ ಜೊತೆ ಆಡುತ್ತೀರಿ. ಆ ಗುಂಪಿನಲ್ಲಿ ನಿಮಗಿಂತ ಜೋರಾಗಿ ಆಡುವ ಒಬ್ಬ ಇದ್ದರೂ ಸಾಕು, ಎದುರಿಗೆ ಹುಡುಕುವುದು ನಿಮ್ಮೊಬ್ಬರ ಮಟ್ಟಕ್ಕಲ್ಲ, ಇಡೀ ಗುಂಪಿನ ಮಟ್ಟಕ್ಕೆ. ಕಾಂಪ್‌ನಲ್ಲಿ ಇದಕ್ಕೆ ಬೇಲಿ ಹಾಕಿದ್ದಾರೆ. ಎರಡು ಮೂರು ಜನ ಸೇರಿ ಆಡುವಾಗ ಕೆಳಗಿನ ಐರನ್, ಬ್ರಾಂಜ್ ರ‍್ಯಾಂಕ್‌ನವರು ಸಿಲ್ವರ್ ತನಕದವರ ಜೊತೆ ಮಾತ್ರ ಹೋಗಬಹುದು. ಅನ್‌ರೇಟೆಡ್‌ನಲ್ಲಿ ಆ ಬೇಲಿ ಇಲ್ಲ. ಇವತ್ತು ಆಟ ಕಲಿತ ತಮ್ಮನನ್ನ ತುದಿಯ ಹತ್ತಿರದ ಇಮ್ಮಾರ್ಟಲ್ ರ‍್ಯಾಂಕ್‌ನ ಅಣ್ಣ ಕೈಹಿಡಿದು ಕರೆದುಕೊಂಡು ಬರಬಹುದು. ನಿಮ್ಮನ್ನ ಮಲಗಿಸಿದ ಡೈಮಂಡ್ ಕೂಡ ಯಾರನ್ನೋ ಹೀಗೇ ಕರೆದುಕೊಂಡು ಬಂದಿದ್ದಿರಬಹುದು. ಅವನ ತಂಡದಲ್ಲಿ ಕೊನೆಯಲ್ಲಿ ಇದ್ದವನ ಸ್ಕೋರ್ ನೋಡಿದಿರಾ?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಿಲ್ವರ್ 2 ಅಂತ ಕಾಣುವುದು ಎಂಎಂಆರ್ ಅಲ್ಲ, ಅದು ಆರ್‌ಆರ್ (ರ‍್ಯಾಂಕ್ ರೇಟಿಂಗ್ ಪಾಯಿಂಟ್) ಲೆಕ್ಕದಲ್ಲಿ ಸಿಗುವ ಬ್ಯಾಡ್ಜ್. 100 ಆರ್‌ಆರ್ ಆದರೆ ಒಂದು ಮೆಟ್ಟಿಲು ಮೇಲೆ. ಒಳಗಿನ ಎಂಎಂಆರ್ ನಿಮ್ಮ ಬ್ಯಾಡ್ಜ್‌ಗಿಂತ ಮೇಲಿದ್ದರೆ ಗೆದ್ದಾಗ ಕೈತುಂಬ ಕೊಡುತ್ತದೆ, ಸೋತಾಗ ಸ್ವಲ್ಪ ಕಿತ್ತುಕೊಳ್ಳುತ್ತದೆ. ಕೆಳಗಿದ್ದರೆ ಉಲ್ಟಾ. ಗೆದ್ದಾಗ 15, ಸೋತಾಗ 22 ಅಂತ ಪದೇ ಪದೇ ಬರುತ್ತಿದ್ದರೆ ಅರ್ಥ ಇಷ್ಟೇ: ನೀವು ಕೂತಿರುವ ಮೆಟ್ಟಿಲು ನಿಮಗೆ ಸ್ವಲ್ಪ ಎತ್ತರ ಆಯ್ತು ಅಂತ ಆಟಕ್ಕೆ ಅನ್ನಿಸಿದೆ. ಬಚ್ಚಿಟ್ಟ ನಂಬರ್ ಇಣುಕಿ ನೋಡಲು ನಮಗಿರುವ ಕಿಟಕಿ ಇದೊಂದೇ.

ಒಂಟಿ_ಕ್ಯೂ:

ಗುರುಗಳ ಲೆಕ್ಕ ಸರಿ ಇದೆ, ಆದರೆ ಡೈಮಂಡ್ ಯಾಕೆ ಬಂದ ಅನ್ನುವುದಕ್ಕೆ ಅದೊಂದೇ ಸಾಲುವುದಿಲ್ಲ. ಅನ್‌ರೇಟೆಡ್‌ನ ಎಂಎಂಆರ್ ಇದೆ, ಸರಿ. ಆದರೆ ಅದು ಯಾವ ಮ್ಯಾಚ್‌ಗಳಿಂದ ಆದ ನಂಬರ್ ಅಂತ ಯೋಚನೆ ಮಾಡಿ. ಒಬ್ಬ ಮ್ಯಾಗಿ ತಿನ್ನುತ್ತಾ ಆಡುತ್ತಿರುತ್ತಾನೆ, ಒಬ್ಬ ಯಾವತ್ತೂ ಮುಟ್ಟದ ಏಜೆಂಟ್ (ಆಟದ ಪಾತ್ರ) ತೆಗೆದುಕೊಂಡು ಪ್ರಯೋಗ ಮಾಡುತ್ತಿರುತ್ತಾನೆ, ಒಬ್ಬಳು ಪ್ರತಿ ರೌಂಡ್ ಜಡ್ಜ್ ಗನ್ ಕೊಂಡು ಮೂಲೆಯಲ್ಲಿ ಅಡಗಿ ಕೂತಿರುತ್ತಾಳೆ (ಅದು ನಾನು). ಇವರೆಲ್ಲ ಸೋಲುತ್ತಾ ಇರುತ್ತಾರೆ. ಅನ್‌ರೇಟೆಡ್ ನಂಬರ್ ಕೆಳಗೆ ಇಳಿಯುತ್ತಾ ಇರುತ್ತದೆ. ಆಮೇಲೆ ಒಂದು ದಿನ ಕಾಂಪ್‌ಗೆ ಹೋಗುವ ಮೊದಲು ಕೈ ಬಿಸಿ ಮಾಡಿಕೊಳ್ಳಬೇಕು ಅಂತ ಅದೇ ಡೈಮಂಡ್ ನಿಜವಾಗಿ ಆಡುತ್ತಾನೆ. ಅವತ್ತು ಎದುರಿಗೆ ಸಿಕ್ಕವರು ನೀವು.

ಅಂದರೆ ಹೊಂದಿಸುವ ಯಂತ್ರ ಕೆಟ್ಟಿಲ್ಲ, ಅದಕ್ಕೆ ಸಿಗುವ ಮಾಹಿತಿಯೇ ಗಲೀಜು. ಕಾಂಪ್‌ನಲ್ಲಿ ಎಲ್ಲರೂ ಗೆಲ್ಲಲು ಆಡುತ್ತಾರೆ, ಅದಕ್ಕೇ ಅಲ್ಲಿನ ನಂಬರ್ ಜಾಸ್ತಿ ನಂಬಬಹುದು. ನನ್ನ ಪ್ರಕಾರ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ.

ನಿಯಮದಲ್ಲೂ ವ್ಯತ್ಯಾಸ ಇದೆ, ಆದರೆ ಚಿಕ್ಕದು. ಎರಡರಲ್ಲೂ 13 ರೌಂಡ್ ಮೊದಲು ಗೆದ್ದವರದು ಮ್ಯಾಚ್. 12-12 ಆದರೆ ಅನ್‌ರೇಟೆಡ್‌ನಲ್ಲಿ ಒಂದೇ ರೌಂಡ್, ಅಲ್ಲಿಗೆ ಮುಗಿಯಿತು. ಕಾಂಪ್‌ನಲ್ಲಿ ಎರಡು ರೌಂಡ್ ಮುಂದೆ ಹೋಗಬೇಕು, ಇಲ್ಲ ವೋಟ್ ಹಾಕಿ ಡ್ರಾ ಮಾಡಿಕೊಳ್ಳಬೇಕು. ಬೆಳಗ್ಗೆ ಆಫೀಸ್ ಇರುವವರಿಗೆ ಇದು ಚಿಕ್ಕ ವಿಷಯ ಅಲ್ಲ ಬಿಡಿ.

ಒಂದು ಮಾತ್ರ ಹೇಳಲೇಬೇಕು. ಕಾಂಪ್‌ನಲ್ಲಿ ಮೈಕ್ ಆನ್ ಮಾಡಿದ ತಕ್ಷಣ ಹುಡುಗಿ ದನಿ ಕೇಳಿ ಶುರು ಮಾಡುವವರು ಇದ್ದಾರೆ. ಸೋಲುತ್ತಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ನಾನು ಪಿಂಗ್ (ಮ್ಯಾಪ್ ಮೇಲೆ ಗುರುತು) ಹಾಕಿ, ಟೈಪ್ ಮಾಡಿಯೇ ಆಡುತ್ತೇನೆ. ಮಾಹಿತಿ ಅರ್ಧ ಸೆಕೆಂಡ್ ತಡ ಆಗುತ್ತದೆ, ಅದರಿಂದ ರೌಂಡ್ ಹೋಗುವುದೂ ಉಂಟು. ಈ ನಷ್ಟ ಯಾವ ಎಂಎಂಆರ್ ಲೆಕ್ಕದಲ್ಲೂ ಬರುವುದಿಲ್ಲ.

ಹಳೇ_ಡೋಟಾ:

ನೀವೆಲ್ಲ ವ್ಯಾಲೊರಂಟ್ ಮಕ್ಕಳು, ನಮ್ಮ ಕಾಲದ್ದು ಸ್ವಲ್ಪ ಕೇಳಿ. ಡೋಟಾ 2 ಅನ್ನುವ ಟೀಮ್ ಆಟಕ್ಕೆ ರ‍್ಯಾಂಕ್ಡ್ ಬಂದದ್ದು 2013ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲೂ ಮ್ಯಾಚ್ ಹುಡುಕುತ್ತಿದ್ದದ್ದು ಎಂಎಂಆರ್ ನೋಡಿಯೇ. ರ‍್ಯಾಂಕ್ಡ್ ಬಂದಾಗ ಮುಖ್ಯವಾಗಿ ಆದದ್ದು, ನಂಬರ್ ಕಣ್ಣಿಗೆ ಕಾಣಿಸಿತು. ಕಂಡಿದ್ದೇ ತಡ ಜನ ಬದಲಾದರು. ನಿನ್ನೆವರೆಗೆ ನಗುನಗುತ್ತಾ ಸಪೋರ್ಟ್ (ಬೇರೆಯವರಿಗೆ ನೆರವಾಗುವ ಪಾತ್ರ) ಆಡುತ್ತಿದ್ದವರು ಮಿಡ್ (ನಡುದಾರಿಯ ಮುಖ್ಯ ಪಾತ್ರ) ನನಗೆ ಬೇಕು ಅಂತ ಜಗಳಕ್ಕೆ ನಿಂತರು. ಮುಂದೆ ಅಲ್ಲೂ ಬೇಲಿಗಳು ಬಂದವು, ರ‍್ಯಾಂಕ್ಡ್ ಆಡಲು 100 ಗಂಟೆ ಆಟ ಆಗಿರಬೇಕು, ಫೋನ್ ನಂಬರ್ ಜೋಡಿಸಿರಬೇಕು. ವ್ಯಾಲೊರಂಟ್‌ನಲ್ಲಿ ಅಕೌಂಟ್ ಲೆವೆಲ್ 20 ಆಗಬೇಕು ಅಂತ ಇಟ್ಟಿರುವುದೂ ಇದೇ ಕಾರಣಕ್ಕೆ. ಸ್ಮರ್ಫ್ ಮಾಡುವವನಿಗೆ, ಅಂದರೆ ಹೊಸಬನ ವೇಷದಲ್ಲಿ ಕೆಳಗಿನವರನ್ನ ಹೊಡೆಯಲು ಬರುವ ಗಟ್ಟಿ ಆಟಗಾರನಿಗೆ, ಹೊಸ ಅಕೌಂಟ್ ಸುಲಭಕ್ಕೆ ಸಿಗಬಾರದು ಅಲ್ವಾ.

ಇನ್ನು ಕ್ಯಾಶುಯಲ್‌ನಲ್ಲಿ ಲೆಕ್ಕ ಯಾಕೆ ಬೇಕು, ಸುಮ್ನೆ ಯಾರನ್ನಾದರೂ ಜೋಡಿಸಲಿ ಅನ್ನುವವರಿಗೆ ಒಂದು ಉದಾಹರಣೆ. ಕಾಲ್ ಆಫ್ ಡ್ಯೂಟಿ ಆಡುವವರು ವರ್ಷಗಟ್ಟಲೆ ಇದೇ ಗಲಾಟೆ ಮಾಡಿದರು. 2024ರಲ್ಲಿ ಆ ಆಟದ ಕಂಪನಿ ಆಕ್ಟಿವಿಷನ್ ಉದ್ದನೆಯ ವರದಿ ಹಾಕಿತು. ಒಂದಷ್ಟು ಆಟಗಾರರಿಗೆ ಗೊತ್ತಾಗದ ಹಾಗೆ ಮಟ್ಟ ನೋಡಿ ಜೋಡಿಸುವುದನ್ನ ಸಡಿಲ ಮಾಡಿ ನೋಡಿದ್ದರು. ಆಗ ಮ್ಯಾಚ್ ನಡುವೆ ಬಿಟ್ಟು ಹೋಗುವವರು ಜಾಸ್ತಿ ಆದರು, ತೀರಾ ಮೇಲಿನವರನ್ನ ಬಿಟ್ಟರೆ ಉಳಿದವರು ಆಟಕ್ಕೆ ವಾಪಸ್ ಬರುವುದೂ ಕಡಿಮೆ ಆಯಿತು. ಕಂಪನಿ ತನ್ನದೇ ಆಟದ ಬಗ್ಗೆ ಬರೆದ ವರದಿ, ಸ್ವಲ್ಪ ಉಪ್ಪು ಹಾಕಿಕೊಂಡೇ ಓದಿ. ಆದರೂ ನಂಬುವ ಹಾಗಿದೆ. ದಿನಾ ಒದೆ ತಿನ್ನಲು ಯಾರು ಲಾಗಿನ್ ಆಗುತ್ತಾರೆ? ಮಟ್ಟ ನೋಡಬೇಡಿ ಅಂತ ಜೋರಾಗಿ ಕೂಗುವವರು ಯಾರು ಅಂತ ಗಮನಿಸಿ. ಹೆಚ್ಚಾಗಿ ಒದೆ ಕೊಡುವ ಕಡೆಯವರೇ.

ಎರಂಗಲ್_ಎಮ್ಮೆ:

ಪಿಸಿ ಇಲ್ಲದವರ ಕಡೆಯಿಂದ ಒಂದು ಮಾತು. ಬಿಜಿಎಂಐನಲ್ಲಿ (ಫೋನ್‌ನಲ್ಲಿ ಆಡುವ ಪಬ್‌ಜಿ) ಈ ಕಥೆ ಬೇರೆ. ಇಲ್ಲಿ ರ‍್ಯಾಂಕ್ ಅಂದರೆ ಒಂದು ಮಟ್ಟದ ತನಕ ಕೌಶಲ ಅಲ್ಲ, ಸಮಯ. ಬ್ರಾಂಜ್, ಸಿಲ್ವರ್‌ನಲ್ಲಿ ಲಾಬಿ ತುಂಬಾ ಬಾಟ್‌ಗಳು, ಅಂದರೆ ಕಂಪ್ಯೂಟರ್ ಆಡಿಸುವ ಆಟಗಾರರು. ಮನೆಯೊಳಗೆ ಅಡಗಿ ಕೂತು ಕೊನೇ ಹತ್ತರಲ್ಲಿ ಉಳಿದರೆ ಪಾಯಿಂಟ್ ಬರುತ್ತದೆ. ಇಳಿದ ತಕ್ಷಣ ಮ್ಯಾಪ್‌ನ ಪೋಚಿಂಕಿ ಊರಿನಲ್ಲಿ ಹೊಡೆದಾಡಿ ಸತ್ತರೆ ಎರಡು ಕಿಲ್ ಇದ್ದರೂ ಮೈನಸ್. ಹಾಗಾಗಿ ರ‍್ಯಾಂಕ್ ಪುಶ್ ಮಾಡುವವನು ಹೇಡಿ ತರ ಆಡಲೇಬೇಕು. ನಾನಂತೂ ಮೇಲಿನ ಏಸ್ ರ‍್ಯಾಂಕ್ ತನಕ ಗುಂಡಿಗಿಂತ ಹುಲ್ಲನ್ನೇ ಜಾಸ್ತಿ ನೋಡಿದ್ದೇನೆ. ನಿಜವಾದ ಪೈಪೋಟಿ ತುದಿಯ ಕಾಂಕರರ್ ರ‍್ಯಾಂಕ್‌ಗೆ, ಅದು ಮೇಲಿನ 500 ಜನಕ್ಕೆ ಮಾತ್ರ. ಅಲ್ಲಿ ನಿಲ್ಲಬೇಕಾದರೆ ದಿನಾ ಆಡುತ್ತಲೇ ಇರಬೇಕು.

ನಮ್ಮಲ್ಲಿ ಕೈ ಪಳಗುವುದು ಟಿಡಿಎಂನಲ್ಲಿ (ಟೀಮ್ ಡೆತ್‌ಮ್ಯಾಚ್). ವೇರ್‌ಹೌಸ್ ಮ್ಯಾಪ್‌ನಲ್ಲಿ ನಾಲ್ಕು ಜನಕ್ಕೆ ನಾಲ್ಕು ಜನ, 40 ಕಿಲ್ ಮೊದಲು ಮಾಡಿದವರು ಗೆದ್ದರು. ಅಡಗಿ ಕೂರಲು ಜಾಗವೇ ಇಲ್ಲ. ಕ್ರೌನ್ ಟೈರ್ ಅಂತ ಎದೆ ಉಬ್ಬಿಸಿಕೊಂಡು ಬರುವ ಎಷ್ಟೋ ಜನರ ಬಣ್ಣ ಅಲ್ಲಿ ಬಯಲಾಗುತ್ತದೆ. ಹಾಗಾಗಿ ರ‍್ಯಾಂಕ್ಡ್‌ನಲ್ಲಿ ಗಂಭೀರ ಆಟ, ಕ್ಯಾಶುಯಲ್‌ನಲ್ಲಿ ತಮಾಷೆ ಅನ್ನುವುದು ನಮ್ಮ ಕಡೆ ಉಲ್ಟಾ.

ಒಂಟಿ_ಕ್ಯೂ:

@ಎರಂಗಲ್_ಎಮ್ಮೆ ಹುಲ್ಲಿನ ವಿಷಯ ಓದಿ ಜೋರಾಗಿ ನಕ್ಕೆ. ಆದರೆ ಉಲ್ಟಾ ಅಲ್ಲ ಅಣ್ಣ, ಯಾವುದಕ್ಕೆ ಪಾಯಿಂಟ್ ಕೊಡುತ್ತಾರೋ ಜನ ಅದನ್ನೇ ಗಂಭೀರವಾಗಿ ಮಾಡುತ್ತಿದ್ದಾರೆ ಅಷ್ಟೇ. ಉಳಿದುಕೊಂಡರೆ ಪಾಯಿಂಟ್ ಅಂದರೆ ಉಳಿದುಕೊಳ್ಳುತ್ತಾರೆ. ವ್ಯಾಲೊರಂಟ್‌ನಲ್ಲಿ ಮ್ಯಾಚ್ ಗೆದ್ದರೆ ಮಾತ್ರ ಮೇಲೆ ಹೋಗುವುದು, ಅದಕ್ಕೇ ಅಲ್ಲಿ ಸ್ಪೈಕ್ (ಬಾಂಬ್) ಇಟ್ಟ ಕಡೆ ನುಗ್ಗಲೇಬೇಕು.

ಕುದುರೆ_ಎರಡೂವರೆ:

ನಾನು ಶೂಟಿಂಗ್ ಆಟ ಆಡುವವನಲ್ಲ, ಲಿಚೆಸ್ ಸೈಟ್‌ನಲ್ಲಿ ಚೆಸ್ ಆಡುತ್ತೇನೆ. ಆದರೆ ಇವೆಲ್ಲ ಲೆಕ್ಕ ಹುಟ್ಟಿದ್ದು ನಮ್ಮ ಮನೆಯಲ್ಲೇ. ಆರ್ಪಾಡ್ ಎಲೊ ಅನ್ನುವ ಭೌತಶಾಸ್ತ್ರದ ಮೇಷ್ಟ್ರು ಮಾಡಿದ ರೇಟಿಂಗ್ ಪದ್ಧತಿ ಅದು, ವಿಶ್ವ ಚೆಸ್ ಒಕ್ಕೂಟ ಫಿಡೆ ಅದನ್ನ 1970ರಲ್ಲಿ ಒಪ್ಪಿಕೊಂಡಿತು. 200 ಪಾಯಿಂಟ್ ಮೇಲಿರುವವನು 100 ಆಟಕ್ಕೆ ಸುಮಾರು 76 ಅಂಕ ತೆಗೆಯಬೇಕು ಅಂತ ಅದರ ಅಂದಾಜು. ಅಷ್ಟು ತೆಗೆದರೆ ರೇಟಿಂಗ್ ಅಲ್ಲೇ ನಿಲ್ಲುತ್ತದೆ, ಜಾಸ್ತಿ ತೆಗೆದರೆ ಏರುತ್ತದೆ.

ಲಿಚೆಸ್‌ನಲ್ಲಿ ಗ್ಲಿಕೊ-2 ಅನ್ನುವ ಪದ್ಧತಿ ಇದೆ. ಅದು ರೇಟಿಂಗ್ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ, ಈ ರೇಟಿಂಗ್ ಎಷ್ಟು ನಂಬಬಹುದು ಅಂತ. ಹೊಸಬನಿಗೆ 1500 ಕೊಟ್ಟು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತದೆ. ತುಂಬಾ ದಿನ ಆಡದೆ ಇದ್ದರೂ ಆ ಅನುಮಾನ ಬೆಳೆಯುತ್ತಾ ಹೋಗುತ್ತದೆ. ಒಂಟಿ_ಕ್ಯೂ ಅವರು ಹೇಳಿದ ಗಲೀಜು ನಂಬರ್ ವಿಷಯಕ್ಕೆ ಚೆಸ್‌ನವರು ಸುಲಭದ ದಾರಿ ಹುಡುಕಿದ್ದಾರೆ: ಕ್ಯಾಶುಯಲ್ ಆಟ ಆಡಿದರೆ ಅದನ್ನ ರೇಟಿಂಗ್‌ಗೆ ಸೇರಿಸುವುದೇ ಇಲ್ಲ. ನಮಗೆ ಕೈಕೊಡುವ ಟೀಮ್‌ಮೇಟ್ ಕೂಡ ಇಲ್ಲ. ಸೋತರೆ ಬೈಯಲು ಯಾರೂ ಸಿಗುವುದಿಲ್ಲ, ಅದೇ ಕಷ್ಟ.

ಕಾಫಿಪುಡಿ_ಹಾಸನ:

ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹೌದು ಗುರುಗಳೇ, ನಮ್ಮ ಗುಂಪಿನಲ್ಲಿ ಒಬ್ಬ ಪ್ಲಾಟಿನಂ ಇದ್ದಾನೆ, ಒಬ್ಬ ಗೋಲ್ಡ್. ಇನ್ನೊಬ್ಬ ಅಂತೂ ಕಾಂಪ್ ಆಡಿಯೇ ಇಲ್ಲ, ಲೆವೆಲ್ 20 ಮಾತ್ರ ಯಾವತ್ತೋ ಆಗಿದೆ. ಆಣೆ ಮಾಡಿದವನು ಅವನೇ! ಈಗ ಅನ್ನಿಸುತ್ತಿದೆ, ಹೀಗೆ ಒದೆ ತಿನ್ನುವ ಬದಲು ನಾಲ್ಕು ಜನವೂ ಸೇರಿ ಕಾಂಪ್‌ಗೇ ಹೋದರೆ ಹೇಗೆ? ನಾವು ಆಡುವುದು ರಾತ್ರಿ 12ರ ಮೇಲೆ, ಮುಂಬೈ ಸರ್ವರ್.

ಸ್ಮೋಕ್_ಹಾಕು_ಗುರು:

ನಾಲ್ಕು ಜನ ಆಗುವುದಿಲ್ಲ. ಕಾಂಪ್‌ನಲ್ಲಿ ಒಬ್ಬರು, ಇಬ್ಬರು, ಮೂವರು, ಇಲ್ಲ ಐದು ಜನ. ನಾಲ್ಕು ಜನಕ್ಕೆ ಕ್ಯೂ ಬಟನ್ನೇ ಒತ್ತಲು ಬಿಡುವುದಿಲ್ಲ. ನಾಲ್ವರು ಗೆಳೆಯರ ನಡುವೆ ಐದನೆಯವನಾಗಿ ಸಿಕ್ಕಿಹಾಕಿಕೊಂಡವನ ಗತಿ ಏನಾಗುತ್ತದೆ ಅಂತ ಅನ್‌ರೇಟೆಡ್‌ನಲ್ಲಿ ನೋಡಿಯೇ ಇರುತ್ತೀರಿ. ಸರಿಯಾಗಿ ಆಡಿದರೂ ಬೈಸಿಕೊಳ್ಳುತ್ತಾನೆ.

ಐದು ಜನ ಆದರೆ ರ‍್ಯಾಂಕ್ ಅಂತರದ ಬೇಲಿಯೂ ಇರುವುದಿಲ್ಲ, ನಿಮ್ಮ ಪ್ಲಾಟಿನಂ ಮತ್ತು ಕಾಂಪ್ ಆಡದವನು ಒಟ್ಟಿಗೆ ಬರಬಹುದು. ಆಡದವನಿಗೆ ಮೊದಲ 5 ಮ್ಯಾಚ್ ಪ್ಲೇಸ್‌ಮೆಂಟ್, ಅದು ಮುಗಿಯುವ ತನಕ ಬ್ಯಾಡ್ಜ್ ಕಾಣುವುದಿಲ್ಲ. ಆದರೆ 12ರ ಮೇಲೆ ಆಡುವವರು ಕಡಿಮೆ. ಕ್ಯೂ ಉದ್ದ ಆಗುತ್ತಾ ಹೋದ ಹಾಗೆ ಹುಡುಕುವ ಬಲೆಯೂ ಅಗಲ ಆಗುತ್ತದೆ, ಐದು ಜನರ ಗುಂಪಿಗೆ ಎದುರಿಗೆ ಸಿಗುವುದೂ ಐದು ಜನರ ಗುಂಪೇ. ಸಮ ಜೋಡಿ ಬೇಕು ಅಂದರೆ 9ರಿಂದ 11ರ ಒಳಗೆ ಬನ್ನಿ. ಅದೂ ಆಗದಿದ್ದರೆ ಸ್ವಿಫ್ಟ್‌ಪ್ಲೇ ಅನ್ನುವ ಚಿಕ್ಕ ಆಟ ಆಡಿ, 5 ರೌಂಡ್ ಗೆದ್ದರೆ ಮುಗಿಯಿತು. ಡೈಮಂಡ್ ಸಿಕ್ಕರೂ ಹದಿನೈದು ನಿಮಿಷದಲ್ಲಿ ಮರೆತುಬಿಡಬಹುದು.

ಐದನೆಯವರು ಯಾರೂ ಸಿಗದಿದ್ದರೆ ಶನಿವಾರ ನಾನು ಬರುತ್ತೇನೆ. ಗೋಲ್ಡ್ 1, ಹೆಸರೇ ಹೇಳುವ ಹಾಗೆ ಸ್ಮೋಕ್ ಹಾಕುವುದು, ಅಂದರೆ ಹೊಗೆ ಹಾಕಿ ಎದುರಿನವರಿಗೆ ಕಾಣದ ಹಾಗೆ ಮಾಡುವುದು, ನನ್ನ ಕೆಲಸ. 10 ಗಂಟೆಗೆ ಮಗಳು ಮಲಗಬೇಕು, ಅದರ ಮೇಲೆ ಕರೆಯಿರಿ. ಆಣೆ ಮಾಡಿದ ಗೆಳೆಯನಿಗೆ ಮಾತ್ರ ಮೊದಲೇ ಹೇಳಿಬಿಡಿ, ಡ್ಯುಯೆಲಿಸ್ಟ್ (ಮುಂದೆ ನುಗ್ಗುವ ಪಾತ್ರ) ಅವನಿಗೆ ಕೊಡುವುದಿಲ್ಲ.