ಫ್ಲಾಟ್‌ನಲ್ಲಿ ನುಡಿಸೋಕೆ ಟ್ಯೂಬ್ ಆಂಪ್ ಬೇಕಾ, ಮಾಡೆಲಿಂಗ್ ಸಾಕಾ?

ಡೊಂಬಿವಲಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬಾಸ್ ಕಟಾನಾ 50 ಇದೆ, ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲಿಂಗ್ ಗಿಟಾರ್ ಆಂಪ್. ನುಡಿಸೋದು ಬ್ಲೂಸ್, ಹಳೇ ರಾಕ್. ಗಣೇಶೋತ್ಸವದಲ್ಲಿ ಕನ್ನಡ ಸಂಘದ ಆರ್ಕೆಸ್ಟ್ರಾದ ಜೊತೆಗೂ ನುಡಿಸುತ್ತೇನೆ. ಈಗ ಠಾಣೆಯಲ್ಲಿ ಒಬ್ಬರು ಫೆಂಡರ್ ಡಿಲಕ್ಸ್ ರಿವರ್ಬ್ ಮಾರುತ್ತಿದ್ದಾರೆ, ಟ್ಯೂಬ್ ಆಂಪ್, ಅಂದರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳಿಂದ ನಡೆಯುವುದು. ಟೋನ್ ನಿಜವಾಗಿಯೂ ಅಷ್ಟು ಬೇರೆ ಇರುತ್ತಾ? ನಮ್ಮದು ಒಂದೇ ಬೆಡ್‌ರೂಮಿನ ಮನೆ, ಗೋಡೆಯ ಆಚೆಗೆ ವಯಸ್ಸಾದ ಅಜ್ಜಿ ಇದ್ದಾರೆ.

ಕೋಥ್ರೂಡ್_ಸಿಕ್ಸ್_ಸ್ಟ್ರಿಂಗ್:
ಕಣ್ಣು ಮುಚ್ಚಿ ತಗೊಳ್ಳಿ. ಟ್ಯೂಬಿನ ಸುಖ ಬೇರೆ ಯಾವುದರಲ್ಲೂ ಸಿಗಲ್ಲ.

ಮಾಟುಂಗಾ_ತಂತಿ:
ನನ್ನ ಹತ್ತಿರ ಎರಡೂ ಇವೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಡಿಲಕ್ಸ್ ರಿವರ್ಬ್ 22 ವಾಟ್. ಅದರಲ್ಲಿ ಮಾಸ್ಟರ್ ವಾಲ್ಯೂಮ್ ಇಲ್ಲ, ಅಂದರೆ ಸ್ವರದ ಒಡಕು ಉಳಿಸಿಕೊಂಡು ಸದ್ದನ್ನು ಮಾತ್ರ ಇಳಿಸುವ ನಾಬ್ ಇಲ್ಲ. ವಾಲ್ಯೂಮ್ ನಾಬ್ 3ರಲ್ಲಿದ್ದಾಗ ಪೂರ್ತಿ ಕ್ಲೀನ್, ಒಡಕಿಲ್ಲದ ತಿಳಿ ಸದ್ದು. 5 ದಾಟಿದ ಮೇಲೆ 6ವಿ6 ಪವರ್ ಟ್ಯೂಬ್‌ಗಳಿಗೆ ಭಾರ ಬೀಳುತ್ತದೆ. ಜೋರಾಗಿ ಮೀಟಿದರೆ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಗ್ಗಿ ಮತ್ತೆ ಏರುತ್ತದೆ. ಸ್ವರ ಮೊದಲು ಬಗ್ಗಿ ಆಮೇಲೆ ಅರಳುತ್ತದೆ. ನೀವು ಕೇಳುತ್ತಿರುವ ಟೋನ್ ಅಂದರೆ ಅದು. ಆದರೆ ಆ ಹೊತ್ತಿಗೆ ಸದ್ದು ಡ್ರಮ್ಸ್ ಜೊತೆ ಪೈಪೋಟಿಗೆ ನಿಂತಿರುತ್ತದೆ. ಪಕ್ಕದ ಮನೆ ಅಜ್ಜಿ ಇರುವಾಗ ನೀವು 2ರ ಮೇಲೆ ಹೋಗಲ್ಲ, ಅಲ್ವಾ? ಅಲ್ಲಿಗೆ ದುಡ್ಡು ಕೊಟ್ಟು ತಂದ ವಿಷಯವೇ ಸಿಗಲಿಲ್ಲ.

ಕಟಾನಾದಲ್ಲಿ ಪವರ್ ಸ್ವಿಚ್ಚನ್ನು 0.5 ವಾಟ್‌ಗೆ ಇಟ್ಟು, ಸ್ವಲ್ಪ ಒಡಕು ಕೊಡುವ ಕ್ರಂಚ್ ಚಾನೆಲ್ ಹಾಕಿ, ಒಡಕಿನ ಪ್ರಮಾಣ ನಿರ್ಧರಿಸುವ ಗೇನ್ ನಾಬನ್ನು ಅರ್ಧಕ್ಕಿಂತ ಕಡಿಮೆ ಇಡಿ. ಆಮೇಲೆ ಗಿಟಾರಿನ ವಾಲ್ಯೂಮ್ ನಾಬನ್ನೇ 10ರಿಂದ 5ಕ್ಕೆ ಇಳಿಸಿ ನುಡಿಸಿ. ಒಳ್ಳೆಯ ಟ್ಯೂಬ್ ಆಂಪ್ ಆಗ ನಿಧಾನಕ್ಕೆ ತಿಳಿಯಾಗುತ್ತಾ ಬರುತ್ತದೆ, ಸ್ವರದ ಮೈ ಉಳಿಯುತ್ತದೆ. ಸಾಧಾರಣ ಮಾಡೆಲಿಂಗ್‌ನಲ್ಲಿ ಸದ್ದು ಬರೀ ಸಣ್ಣದಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಕಿವಿಗಿಂತ ಬೆರಳಿಗೆ ಜಾಸ್ತಿ ಗೊತ್ತಾಗುವುದು ಇಲ್ಲೇ. ರೆಕಾರ್ಡ್ ಮಾಡಿ ಕೇಳಿಸಿದರೆ ಯಾವುದು ಯಾವುದೆಂದು ನಾನೂ ಹೇಳಲಾರೆ.

ಇನ್ನೊಂದು ಮಾತು. ಮನೆಯಲ್ಲಿ ಹೆಡ್‌ಫೋನ್ ಹಾಕಿ ಮಾಡಿದ ಪ್ರಿಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಪೆಂಡಾಲಿನಲ್ಲಿ ಕೆಡುತ್ತದೆ. ಸದ್ದು ಜೋರಾದಂತೆ ನಮ್ಮ ಕಿವಿಗೆ ಬೇಸ್, ಟ್ರೆಬಲ್ ಎರಡೂ ಹೆಚ್ಚು ಕೇಳುತ್ತವೆ. ಎರಡನ್ನೂ ಇಳಿಸಿ, ಅವುಗಳ ನಡುವಿನ ಮಿಡ್ ಏರಿಸಿ. ಎಷ್ಟೋ ಜನ ಇಷ್ಟು ಮಾಡದೆ ಮಾಡೆಲಿಂಗನ್ನೇ ಬೈಯುತ್ತಾರೆ, ನನಗೆ ನಿಜಕ್ಕೂ ಬೇಸರವಾಗುತ್ತದೆ.

ಫೆಂಡರ್ ಸದ್ದೇ ಬೇಕು ಅಂದರೆ 2019ರಲ್ಲಿ ಬಂದ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್ ನೋಡಿ. ಅದು ಡಿಜಿಟಲ್, ಹಿಂದಿನ ಸ್ವಿಚ್ಚಿನಲ್ಲಿ 0.2 ವಾಟ್‌ವರೆಗೂ ಇಳಿಸಬಹುದು. ತೂಕ ಸುಮಾರು 10 ಕೆ.ಜಿ. ಟ್ಯೂಬಿನದು 19ರ ಹತ್ತಿರ. ಲೋಕಲ್ ರೈಲಿನಲ್ಲಿ ಹೊತ್ತು ದಾದರ್‌ನಲ್ಲಿ ಇಳಿಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ಡೊಂಬಿವಲಿ_ಹುಡುಗ:
ತುಂಬಾ ಥ್ಯಾಂಕ್ಸ್ ಸರ್. ಆದರೂ ಒಂದ್ಸಲ ಹೋಗಿ ನುಡಿಸಿ ನೋಡಬೇಕು ಅಂತಿದೆ. ಠಾಣೆಯವರ ಆ ಆಂಪ್ ಅಮೆರಿಕದಿಂದ ತಂದಿದ್ದಂತೆ.

ಮಾಟುಂಗಾ_ತಂತಿ:
ಖಂಡಿತ ಹೋಗಿ, ನಿಮ್ಮದೇ ಗಿಟಾರ್ ತಗೊಂಡು ಹೋಗಿ. ಆದರೆ ಮೊದಲು ಹಿಂಬದಿಯಲ್ಲಿ ಬರೆದಿರುವ ವೋಲ್ಟೇಜ್ ನೋಡಿ. 120 ಅಂತಿದ್ದರೆ ನಮ್ಮ 230ಕ್ಕೆ ನೇರವಾಗಿ ಹಾಕಲೇಬೇಡಿ, ಅರ್ತಿಂಗ್ ಇರುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮಳೆಗಾಲ ಕಂಡ ಆಂಪ್ ಆದರೆ ಪ್ರತಿ ನಾಬನ್ನೂ ತಿರುಗಿಸಿ, ಕರಕರ ಸದ್ದು ಬರುತ್ತಾ ಕೇಳಿ. ಬಿಚ್ಚಿ ನೋಡಲು ಮಾತ್ರ ಹೋಗಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಇರಬಹುದು.