ಅಪ್‌ಡೇಟ್: ಇಬಿ-1ಎ ಅರ್ಜಿಗೆ ದುಡ್ಡು ಕೊಟ್ಟು ಲೇಖನ ಹಾಕಿಸಬೇಕಾ?

ನಾನು ವೀಣೆ ನುಡಿಸುವವಳು. ಅಮೆರಿಕದ ಇಬಿ-1ಎ (ಅಸಾಧಾರಣ ಸಾಮರ್ಥ್ಯ ಇರುವವರಿಗೆ ಗ್ರೀನ್ ಕಾರ್ಡ್ ಕೊಡುವ ವರ್ಗ) ಅರ್ಜಿಗಾಗಿ ಪಿಆರ್ (ಪ್ರಚಾರ) ಏಜೆನ್ಸಿಯಿಂದ ಪತ್ರಿಕೆಯಲ್ಲಿ ನನ್ನ ಬಗ್ಗೆ ಲೇಖನ ಹಾಕಿಸಬೇಕಾ ಅಂತ ಹಿಂದೆ ಕೇಳಿದ್ದೆ. ಬೇಡ ಅಂತ ತೀರ್ಮಾನಿಸಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ವಕೀಲರು ಬಿಡಿಸಿ ಹೇಳಿದರು. ಭಾರಿ ಅಂತರರಾಷ್ಟ್ರೀಯ ಪ್ರಶಸ್ತಿ ಇಲ್ಲದವರು 10 ಮಾನದಂಡಗಳಲ್ಲಿ ಕನಿಷ್ಠ 3 ತೋರಿಸಬೇಕು. ನಮ್ಮ ಬಗ್ಗೆ ದೊಡ್ಡ ಪತ್ರಿಕೆಯಲ್ಲಿ ಬಂದ ಬರಹ ಅದರಲ್ಲಿ ಒಂದು ಮಾತ್ರ. ದುಡ್ಡು ಕೊಟ್ಟು ಹಾಕಿಸಿದ್ದು ಜಾಹೀರಾತಿನಂತೆ ಕಾಣುತ್ತದೆ, ಉಳಿದ ದಾಖಲೆಗಳ ಮೇಲೂ ಅನುಮಾನ ಬರಬಹುದು. 3 ಸಿಕ್ಕಿದರೂ ಅಧಿಕಾರಿ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ.

ಹಾಗಾಗಿ ಪತ್ರಿಕೆಗಳಲ್ಲಿ ಬಂದ ನನ್ನ ಹಳೆಯ ಸಂಗೀತ ಕಛೇರಿಗಳ ವಿಮರ್ಶೆಗಳನ್ನೇ ಹುಡುಕಿದೆ. ತೊಡಕು ಎಲ್ಲಿ ಗೊತ್ತಾ? ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಮೂರೂ ಬೇಕು. ಎಲ್ಲಕ್ಕಿಂತ ಒಳ್ಳೆಯ ವಿಮರ್ಶೆಯ ಮೇಲೆ ಬರೀ ‘ನಮ್ಮ ಪ್ರತಿನಿಧಿಯಿಂದ’ ಅಂತಿತ್ತು! ಸಂಪಾದಕರಿಗೆ ಬರೆದೆ. ಪಾಪ, ಬರೆದವರ ಹೆಸರು ಹುಡುಕಿ ಲೆಟರ್‌ಹೆಡ್‌ನಲ್ಲೇ ಪತ್ರ ಕೊಟ್ಟರು. ಕನ್ನಡ ಬರಹಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಸಾರಾಂಶ ನಡೆಯಲ್ಲ. ಅನುವಾದ ಸರಿಯಿದೆ ಅಂತ ಅನುವಾದಕರ ದೃಢೀಕರಣವೂ ಇರಬೇಕು.

ಐ-140 (ಇಬಿ-1ಎಗೆ ಸಲ್ಲಿಸುವ ಅರ್ಜಿ ಫಾರ್ಮ್) ಕಳೆದ ವಾರ ಕಳಿಸಿದೆವು. ಉತ್ತರ ಬಂದ ಕೂಡಲೇ ಇಲ್ಲೇ ಬರೆಯುತ್ತೇನೆ.