ಹಿರಣ್ಯಕಶಿಪುವಿನ ಕನ್ನಡ ಯಾರದು?

ಎಲ್ಲರಿಗೂ ಚಾಮರಾಜಪೇಟೆಯಿಂದ ನಮಸ್ಕಾರ. ಮಗಳಿಗೆ ಬೇಸಿಗೆ ರಜೆ ಎಂದು ಸ್ಟುಟ್‌ಗಾರ್ಟ್ ಬಿಟ್ಟು ಬಂದು ಮೂರು ವಾರವಾಯಿತು. ಇಲ್ಲಿ ಬೇಸಿಗೆಯ ಸುಳಿವೂ ಇಲ್ಲ. ಶ್ರಾವಣದ ಜಿಟಿಜಿಟಿ ಮಳೆ, ಅಮ್ಮನ ಅಕ್ಕಿರೊಟ್ಟಿ, ಸಂಜೆಯಾದರೆ ಕರೆಂಟು ಹೋಗುವುದು, ಎಲ್ಲವೂ ಕ್ರಮವಾಗಿ ನಡೆದಿದೆ.

ಹೋದ ತಿಂಗಳು ನಮ್ಮ ಕನ್ನಡ ಸಂಘದಲ್ಲೊಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ಮನೆಯಲ್ಲಿ ಕನ್ನಡ, ಶಿಶುವಿಹಾರದಲ್ಲಿ ಜರ್ಮನ್, ಪರದೆಯ ಮೇಲೆ ಇಂಗ್ಲಿಷ್. ನಾಲ್ಕು ವರ್ಷದ ಮಗ ಮೂರರಲ್ಲಿ ಯಾವುದನ್ನೂ ಆಡದೆ ಸುಮ್ಮನಿರುತ್ತಾನೆ, ಕನ್ನಡವನ್ನು ನಿಲ್ಲಿಸಿಬಿಡಬೇಕೆ ಎಂದು ಅವರು ಕೇಳಿದ್ದರು. ಉತ್ತರಗಳು ಧಾರಾಳವಾಗಿ ಬಂದವು. ಯಾವ ಆ್ಯಪ್ ಒಳ್ಳೆಯದು, ಅಕ್ಷರಮಾಲೆಯ ಪಟ ಎಲ್ಲಿ ಸಿಗುತ್ತದೆ, ದಿನಕ್ಕೆ ಎಷ್ಟು ಪದ ಕಲಿಸಬೇಕು. ನನಗೆ ಹೇಳಲು ಏನೂ ಇಲ್ಲದ್ದರಿಂದ ಬರೆಯಲಿಲ್ಲ. ಈಗ ಇದೆ. ಸ್ವಲ್ಪ ಸುತ್ತು ಬಳಸಿ ಬರುತ್ತೇನೆ, ತಾಳಿಕೊಳ್ಳಿ.

ಆಗಸ್ಟ್ ಮೊದಲ ವಾರ ನಾನು, ಅಪ್ಪ ಮತ್ತು ಎಂಟು ವರ್ಷದ ಮಗಳು ‘ಮಹಾವತಾರ ನರಸಿಂಹ’ ನೋಡಲು ಹೋದೆವು. 2025ರ ಜುಲೈ 25ರಂದು ಬಿಡುಗಡೆಯಾದ ಅನಿಮೇಷನ್ ಚಿತ್ರ. ಅರ್ಪಿಸಿದವರು ಬೆಂಗಳೂರಿನ ಚಿತ್ರಸಂಸ್ಥೆ ಹೊಂಬಾಳೆ ಫಿಲ್ಮ್ಸ್‌ನವರು, ಹಾಗಾಗಿ ಕನ್ನಡದಲ್ಲಿಯೂ ಇತ್ತು. ಬೊಂಬೆಯ ಬಾಯಿಂದ ಕನ್ನಡವನ್ನು ಅಷ್ಟು ದೊಡ್ಡದಾಗಿ ಮಗಳು ಅದುವರೆಗೆ ಕೇಳಿರಲಿಲ್ಲ. ತೆರೆಯ ಮೇಲಿನ ಅಸುರ ಅವಳ ಅಜ್ಜಿಯ ಭಾಷೆಯಲ್ಲಿ ಗದರಿದಾಗ ನನ್ನ ತೋಳು ಹಿಡಿದವಳು ಮಧ್ಯಂತರದವರೆಗೂ ಬಿಡಲಿಲ್ಲ.

ಚಿತ್ರ ಮುಗಿಯಿತು, ದೀಪ ಹತ್ತಿತು, ಜನ ಎದ್ದರು. ಅವಳು ಏಳಲಿಲ್ಲ.

“ಅಪ್ಪಾ, ಹಿರಣ್ಯಕಶಿಪುವಿನ ಶ್ಪ್ರೆಶರ್ ಯಾರು?”

ಶ್ಪ್ರೆಶರ್ ಎಂದರೆ ಮಾತನಾಡುವವನು. ಜರ್ಮನಿಯಲ್ಲಿ ಡಬ್ಬಿಂಗ್ ಕಲಾವಿದರನ್ನು ಹಾಗೆ ಕರೆಯುತ್ತಾರೆ. ಮೇಲಕ್ಕೆ ಸರಿಯುತ್ತಿದ್ದ ಹೆಸರುಗಳನ್ನು ಓದೋಣವೆಂದರೆ ಎದ್ದು ನಿಂತವರ ಬೆನ್ನುಗಳೇ ಕಂಡವು. “ಯಾರೋ ಡಬ್ಬಿಂಗಿನವರಮ್ಮ” ಎಂದರು ಅಪ್ಪ. ಅವಳಿಗೆ ಅದು ಉತ್ತರವೆನಿಸಲಿಲ್ಲ. “ಯಾರೋ ಅಂದರೆ ಯಾರು, ತಾತ?” ಪೊರಕೆ ಹಿಡಿದ ಹುಡುಗ ಪಾಪ್‌ಕಾರ್ನ್ ಗುಡಿಸುತ್ತಾ ನಮ್ಮ ಸಾಲಿಗೆ ಬರುವವರೆಗೂ ಕುಳಿತೇ ಇದ್ದೆವು.

ಈ ಪ್ರಶ್ನೆ ಅವಳಿಗೆ ಸಹಜ. ಜರ್ಮನಿಯಲ್ಲಿರುವವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಅಲ್ಲಿ ಹೊರಗಿನ ಚಿತ್ರಗಳು ಬಹುಪಾಲು ಜರ್ಮನ್‌ಗೆ ಡಬ್ ಆಗಿಯೇ ತೆರೆಗೆ ಬರುತ್ತವೆ. 1967ರ ‘ಜಂಗಲ್ ಬುಕ್’ ಆ ದೇಶದಲ್ಲಿ ಅತಿ ಹೆಚ್ಚು ಜನ ನೋಡಿದ ಚಿತ್ರಗಳಲ್ಲಿ ಒಂದು. ಅದರ ಕರಡಿ ಬಾಲೂಗೆ ಇಂಗ್ಲಿಷಿನಲ್ಲಿ ಫಿಲ್ ಹ್ಯಾರಿಸ್ ಧ್ವನಿ, ಜರ್ಮನ್‌ನಲ್ಲಿ ಎಡ್ಗರ್ ಓಟ್ ಅವರದು. ಮಕ್ಕಳ ಧ್ವನಿನಾಟಕಗಳ ಆನೆ ಬೆಂಜಮಿನ್ ಬ್ಲ್ಯೂಮ್ಶೆನ್‌ಗೂ ಅದೇ ಓಟ್ ಧ್ವನಿ ಕೊಟ್ಟರು. 1994ರಲ್ಲಿ ತೀರಿಕೊಂಡರು. ನನ್ನ ಮಗಳು ಹುಟ್ಟಿದ್ದು ಅದಾದ 23 ವರ್ಷಕ್ಕೆ. ಆದರೂ ಕರಡಿ ಬಾಯಿ ತೆರೆದ ಕೂಡಲೇ “ಇದು ಆನೆ!” ಎಂದು ಕೂಗಿದ್ದಳು. ಇನ್ನೊಂದು ಪತ್ತೇದಾರಿ ಧ್ವನಿನಾಟಕ ಸರಣಿಯಿದೆ. 1979ರಲ್ಲಿ ಮೂವರು ಹುಡುಗರಿಗೆ ಧ್ವನಿ ಕೊಟ್ಟ ಅದೇ ಮೂವರು ಈಗ ಅರವತ್ತರ ಆಸುಪಾಸಿನಲ್ಲಿದ್ದು ಇನ್ನೂ ಅದೇ ಹುಡುಗರಾಗಿ ಮಾತನಾಡುತ್ತಾರೆ. ಅವರು ಮೈಕಿನ ಮುಂದೆ ಹಾಳೆ ಹಿಡಿದು ಓದುವುದನ್ನು ನೋಡಲು ಸಾವಿರಾರು ಜನ ದುಡ್ಡು ಕೊಟ್ಟು ಬರುತ್ತಾರೆ. ಕುಳಿತಲ್ಲೇ ಮಾತಿನಿಂದ ಲಂಕೆಯನ್ನು ಕಟ್ಟಿ ಸುಡುವ ತಾಳಮದ್ದಳೆ ಕೇಳಿದವರಿಗೆ ಇದು ವಿಚಿತ್ರವೆನಿಸಬಾರದು.

ನನ್ನ ಬಾಲ್ಯದ ಕತೆಯೇ ಬೇರೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಮೋಗ್ಲಿ ಬರುತ್ತಿದ್ದ. ಜಪಾನಿನ ಸರಣಿ, ಹಿಂದಿಯ ಮಾತು, ಶೇರ್ ಖಾನನಿಗೆ ನಾನಾ ಪಾಟೇಕರ್ ಧ್ವನಿ. ನಮ್ಮ ವಠಾರದಲ್ಲಿದ್ದ ಟೀವಿ ಒಂದೇ, ಅದು ಮಾಲೀಕರ ಮನೆಯದು. ಮಾಲೀಕರ ತಾಯಿಗೆ ಹಿಂದಿ ಬಾರದು, ಆದರೆ ಹುಲಿ ಏನೆಂದಿತೆಂದು ತಿಳಿಯದೆ ಬಿಡುವವರೂ ಅಲ್ಲ. ನನ್ನ ಅಣ್ಣ ಅವರ ದುಭಾಷಿ. ಅವನ ಹಿಂದಿಯೂ ಅಷ್ಟಕ್ಕಷ್ಟೇ ಎಂಬುದು ನಮಗೆ ಬಹಳ ವರ್ಷಗಳ ಮೇಲೆ ತಿಳಿಯಿತು. “ಬಘೀರ ಏನನ್ನುತ್ತಿದ್ದಾನೋ?” “ಮಗ್ಗಿ ಬಾಯಿಪಾಠ ಮಾಡಿದೆಯಾ ಎಂದು ಮೋಗ್ಲಿಯನ್ನು ಕೇಳುತ್ತಿದ್ದಾನೆ, ಅಜ್ಜಿ.” ಒಮ್ಮೆ ಶೇರ್ ಖಾನ್ ಘರ್ಜಿಸಿದಾಗ, ಅವನು ಮೂರು ತಿಂಗಳ ಬಾಕಿ ಬಾಡಿಗೆ ಕೇಳಲು ಬಂದಿದ್ದಾನೆ ಎಂದು ಮಾಲೀಕರ ಎದುರಿಗೇ ಹೇಳಿಬಿಟ್ಟ. ಅಜ್ಜಿ ನಕ್ಕರು. ಮುಂದಿನ ಭಾನುವಾರ ಅಮ್ಮ ನಮ್ಮನ್ನು ಅಲ್ಲಿಗೆ ಕಳಿಸಲಿಲ್ಲ. ನನ್ನ ತಲೆಯೊಳಗಿನ ಬಘೀರ ಇಂದಿಗೂ ಒಡೆಯುತ್ತಿರುವ ಗಂಟಲಿನ ಹದಿಮೂರರ ಹುಡುಗ, ಚಾಮರಾಜಪೇಟೆಯ ಕನ್ನಡ ಆಡುತ್ತಾನೆ.

ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಅವಳು ಹದಿನಾಲ್ಕು ವರ್ಷದಿಂದ ಕಂಠದಾನ ಕಲಾವಿದೆ. 2009ರಲ್ಲಿ ಚಿಂಟು ಟೀವಿ ಶುರುವಾದ ಮೇಲೆ ಕಾರ್ಟೂನುಗಳು ಕನ್ನಡ ಮಾತನಾಡತೊಡಗಿದವಲ್ಲ, ಅಂಥ ಕೆಲಸದಿಂದಲೇ ಅವಳ ಅನ್ನ ಆರಂಭವಾದದ್ದು. ಈಗ ಡಬ್ ಆಗಿ ಬರುವ ಧಾರಾವಾಹಿಗಳು, ಜಾಹೀರಾತುಗಳು, ಏನು ಸಿಕ್ಕರೆ ಅದು. “ಹೆಸರು ಹೇಳುವುದಕ್ಕಿಂತ ಕರೆದುಕೊಂಡು ಬಾ, ತೋರಿಸುತ್ತೇನೆ” ಎಂದಳು.

ನಾಗರಬಾವಿಯ ಮನೆಯೊಂದರ ನೆಲಮಾಳಿಗೆ. ಗೋಡೆಗೆಲ್ಲ ಬೂದು ಸ್ಪಂಜು, ಗಾಜಿನಾಚೆ ಒಂದು ಮೈಕು, ಒಂದು ಪರದೆ, ಹಾಳೆ ಇಡುವ ಸ್ಟ್ಯಾಂಡು. ಒಳಗೆ ಹೋಗುವ ಮುನ್ನ ತಂಗಿ ಬಳೆ ತೆಗೆದಿಟ್ಟಳು. ರೇಷ್ಮೆ ಉಟ್ಟರೆ ಸರಪರ ಎನ್ನುತ್ತದೆಂದು ಸದಾ ಹತ್ತಿಬಟ್ಟೆ. ಹಸಿದರೆ ಹೊಟ್ಟೆಯ ಗುರುಗುಟ್ಟುವಿಕೆಯನ್ನೂ ಮೈಕು ಹಿಡಿಯುತ್ತದೆ ಎಂದು ಮೊದಲೇ ಒಂದಿಷ್ಟು ಅವಲಕ್ಕಿ ತಿಂದಳು. ಅಂದಿನ ಪಾತ್ರ ಆರು ವರ್ಷದ ತುಂಟ ಹುಡುಗ. ಮೂವತ್ತೆಂಟರ ಗೃಹಿಣಿ ಗದ್ದವನ್ನು ತುಸು ಮೇಲೆತ್ತಿ, ಕೆನ್ನೆಯನ್ನು ಒಳಗೆಳೆದುಕೊಂಡು, ತುದಿಗಾಲಲ್ಲಿ ನಿಂತು ಬಾಯಿ ತೆರೆದಳು ನೋಡಿ, ನನ್ನ ಮಗಳು ಗಾಜಿನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ಹುಡುಕಿದಳು.

ಹುಡುಗರ ಪಾತ್ರಕ್ಕೆ ಹೆಂಗಸರೇ ಏಕೆ ಎಂದರೆ, ಹುಡುಗರ ಗಂಟಲು ಒಡೆಯುತ್ತದೆ. 2003ರ ‘ಫೈಂಡಿಂಗ್ ನೀಮೋ’ ಚಿತ್ರದ ಮರಿಮೀನಿಗೆ ಧ್ವನಿ ಕೊಟ್ಟ ಅಲೆಕ್ಸಾಂಡರ್ ಗೂಲ್ಡ್ ಎಂಬ ಹುಡುಗ 2016ರ ಮುಂದಿನ ಭಾಗದ ಹೊತ್ತಿಗೆ ಗಂಡಸಾಗಿದ್ದ. ನೀಮೋ ಬೇರೆ ಹುಡುಗನ ಪಾಲಾದ, ಗೂಲ್ಡ್‌ಗೆ ಒಂದು ಪುಟ್ಟ ಪಾತ್ರ ಸಿಕ್ಕಿತು. ಅದೇ ಬಾರ್ಟ್ ಸಿಂಪ್ಸನ್ ಎಂಬ ಹುಡುಗನಿಗೆ 1987ರಿಂದಲೂ ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಮಹಿಳೆಯದೇ ಧ್ವನಿ. ಅವನಿಗೆ ಇನ್ನೂ ಹತ್ತೇ ವರ್ಷ.

ಮೂಲ ಚಿತ್ರದಲ್ಲಿ ಸಾಮಾನ್ಯವಾಗಿ ಧ್ವನಿ ಮೊದಲು, ಚಿತ್ರ ಆಮೇಲೆ. ನಟ ಮಾತನಾಡಿದ್ದನ್ನು ಕೇಳಿ, ಕೆಲವೊಮ್ಮೆ ಅವನ ಮುಖವನ್ನೂ ನೋಡಿ, ಬೊಂಬೆಯ ತುಟಿ ಬರೆಯುತ್ತಾರೆ. ಡಬ್ಬಿಂಗ್‌ನಲ್ಲಿ ಎಲ್ಲವೂ ತಲೆಕೆಳಗು. ಹೊಲಿದಿಟ್ಟ ಅಂಗಿಗೆ ಮೈಯನ್ನೇ ಹೊಂದಿಸಿಕೊಳ್ಳಬೇಕು. ಅಂದು ಒಂದು ಕಡೆ ಹುಡುಗ “ಸ್ಟಾಪ್!” ಎಂದು ಕಿರುಚುತ್ತಾನೆ. ಕೊನೆಯಲ್ಲಿ ತುಟಿ ಟಪ್ಪನೆ ಮುಚ್ಚುತ್ತದೆ. ಹಾಳೆಯಲ್ಲಿ ‘ನಿಲ್ಲು’ ಎಂದಿತ್ತು. ಕನ್ನಡದ ಮಾತು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತದೆ, ಬಾಯಿ ತೆರೆದೇ ಉಳಿಯುತ್ತದೆ. ತುಟಿ ಮುಚ್ಚಿದ ಮೇಲೂ ಹುಡುಗನ ಹೊಟ್ಟೆಯೊಳಗಿಂದ ‘ಲ್ಲು’ ಬಂದಂತಾಯಿತು. ಲೂಪ್, ಅಂದರೆ ಚಿತ್ರದ ಆ ತುಣುಕು, ಮತ್ತೆ ಓಡಿತು. ‘ನಿಲ್ಲಪ್ಪಾ’, ಉದ್ದವಾಯಿತು. ‘ಬೇಡಪ್ಪಾ’, ಅರ್ಥ ಕೆಟ್ಟಿತು. ಸಂಭಾಷಣೆ ಬರೆದವರು ಪೆನ್ಸಿಲ್ ಕಚ್ಚುತ್ತಾ ಕುಳಿತಿದ್ದರು. ಏಳನೆಯ ಸಲ ತಂಗಿ ‘ಸಾಕಪ್ಪ’ ಎಂದು, ‘ಪ್ಪ’ದ ಮೇಲೆ ತುಟಿ ಮುಚ್ಚಿ, ಉಳಿದ ಅಕಾರವನ್ನು ಉಸಿರಿನಲ್ಲಿ ನುಂಗಿದಳು. ಹೊರಗಿದ್ದ ಶಬ್ದಗ್ರಾಹಕರು ಹೆಬ್ಬೆರಳು ಎತ್ತಿದರು. ಒಂದು ಮಾತಿಗೆ ಹನ್ನೊಂದು ನಿಮಿಷ.

ಆ ರಾತ್ರಿ ಮಗಳು ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಪ ಫ ಬ ಭ ಮ ಎಂದು ತುಟಿ ಮುಚ್ಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು. ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ಎರಡು ವರ್ಷದಿಂದ ಪವರ್ಗದ ಹತ್ತಿರ ತಡವರಿಸುತ್ತಿದ್ದವಳು. ಪಾಠ ಮಾಡುವವರು ಬೇಸರಿಸಬಾರದು, ಪಾಠ ಮಾಡುವವರಲ್ಲಿ ನಾನೂ ಒಬ್ಬ.

ಹೆಸರು ಹಾಕುತ್ತಾರೆಯೇ ಎಂದು ತಂಗಿಯನ್ನು ಕೇಳಿದೆ. ಹೆಚ್ಚಿನ ಕೆಲಸದಲ್ಲಿ ಇಲ್ಲವಂತೆ. “ಕಂಠದಾನ ಅಂತ ನೀವೇ ಹೆಸರಿಟ್ಟಿದ್ದೀರಲ್ಲ, ದಾನ ಮಾಡಿದವರು ಹೆಸರು ಕೇಳಬಾರದೇನೋ” ಎಂದು ನಕ್ಕಳು. ಹಾಲಿವುಡ್ಡಿನವರೂ ಹಿಂದೆ ಹೀಗೆಯೇ ಇದ್ದರು. 1937ರ ಸ್ನೋ ವೈಟ್‌ಗೆ ಮಾತನ್ನೂ ಹಾಡನ್ನೂ ಕೊಟ್ಟ ಆಡ್ರಿಯಾನಾ ಕ್ಯಾಸೆಲಾಟಿ ಅವರ ಹೆಸರು ತೆರೆಯ ಮೇಲೆ ಬರಲೇ ಇಲ್ಲ. ತಂಗಿಯ ಮೆಚ್ಚಿನ ಸಂಗತಿ ಬೇರೆ. ಬಹುಕಾಲ ಮಿಕಿ ಮೌಸ್‌ಗೆ ಧ್ವನಿಯಾಗಿದ್ದ ವೇಯ್ನ್ ಆಲ್ವೈನ್ ಮತ್ತು ಮಿನ್ನಿಗೆ ಧ್ವನಿಯಾಗಿದ್ದ ರಸಿ ಟೇಲರ್ ನಿಜಜೀವನದಲ್ಲಿ ಗಂಡಹೆಂಡಿರು. “ಮನೆಯಲ್ಲಿ ಜಗಳವಾಡುವಾಗ ಯಾವ ಧ್ವನಿ ತೆಗೆಯುತ್ತಿದ್ದರೋ” ಎಂದು ಅವಳಿಗೆ ಚಿಂತೆ.

ಅಪ್ಪ ಹಳೆಯ ಡಬ್ಬಿಂಗ್ ವಿರೋಧಿ. ಈ ವಿಷಯ ಎತ್ತಿದರೆ ಊಟ ತಡವಾಗುತ್ತದೆ. ಅರವತ್ತರ ದಶಕದಲ್ಲಿ ಡಬ್ಬಿಂಗ್ ಚಿತ್ರಗಳನ್ನು ಒಳಗೆ ಬಿಟ್ಟಿದ್ದರೆ ಕನ್ನಡ ಚಿತ್ರರಂಗ ಉಸಿರೇ ಆಡುತ್ತಿರಲಿಲ್ಲ, ನಮ್ಮ ನಟರು, ತಂತ್ರಜ್ಞರು ಬೀದಿಗೆ ಬೀಳುತ್ತಿದ್ದರು ಎನ್ನುತ್ತಾರೆ. ಅಂದಿನ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಡಬ್ಬಿಂಗ್ ತಡೆಯಲು ಕಟ್ಟಿದ ಆ ಗೋಡೆ ಮಕ್ಕಳ ಚಿತ್ರಕ್ಕೂ ಅಡ್ಡವಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ಹೇಳಿತು. ಆದರೂ 2024ರ ಡಿಸೆಂಬರ್‌ನಲ್ಲಿ ‘ಮುಫಾಸ’ ಚಿತ್ರಮಂದಿರಗಳಿಗೆ ಬಂದಾಗ ಆ ಸಿಂಹ ಹಿಂದಿಯಲ್ಲಿ ಶಾರುಖ್ ಖಾನ್ ಆಗಿ, ತೆಲುಗಿನಲ್ಲಿ ಮಹೇಶ್ ಬಾಬು ಆಗಿ ಮಾತನಾಡಿತು, ತಮಿಳಿನಲ್ಲಿಯೂ ಮಾತನಾಡಿತು. ಕನ್ನಡದಲ್ಲಿ ಇಲ್ಲ. ಧ್ವನಿಯ ಬೆಲೆ ನಮಗೆ ಗೊತ್ತಿಲ್ಲವೆಂದಲ್ಲ. 2022ರಲ್ಲಿ ಪುನೀತ್ ಅವರ ‘ಜೇಮ್ಸ್’ ಬಂದಾಗ ಶಿವಣ್ಣ ತಮ್ಮನಿಗೆ ಧ್ವನಿ ಕೊಟ್ಟಿದ್ದರು. ಮುಂದಿನ ತಿಂಗಳೇ ತಂತ್ರಜ್ಞಾನದಿಂದ ಅಪ್ಪುವಿನ ಸ್ವಂತ ಧ್ವನಿಯನ್ನು ಜೋಡಿಸಿ ಮತ್ತೆ ತೆರೆಗೆ ತಂದರು. ಒಮ್ಮೆ ನೋಡಿ ಅತ್ತಿದ್ದ ಅಮ್ಮ ಎರಡನೆಯ ಸಲ ಕೇಳಲೆಂದೇ ಹೋಗಿದ್ದರು.

ಈಗ ಆ ನಾಲ್ಕು ವರ್ಷದ ಹುಡುಗನ ವಿಷಯ. ತಜ್ಞರನ್ನು ಕಾಣಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದು ಮೊದಲ ಮುಫಾಸನ ಕತೆ. 1994ರ ‘ಲಯನ್ ಕಿಂಗ್’ ಚಿತ್ರದಲ್ಲಿ ಆ ತಂದೆ ಸಿಂಹಕ್ಕೆ ಧ್ವನಿಯಾದ ಜೇಮ್ಸ್ ಅರ್ಲ್ ಜೋನ್ಸ್ 2024ರ ಸೆಪ್ಟೆಂಬರ್‌ನಲ್ಲಿ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ. ಐದರ ವಯಸ್ಸಿಗೆ ಅಜ್ಜ ಅಜ್ಜಿಯರ ಜೊತೆ ಮಿಷಿಗನ್‌ಗೆ ಬಂದರು. ಊರು ಬಿಟ್ಟ ಆ ಹುಡುಗನಿಗೆ ಉಗ್ಗು ಹತ್ತಿತು. ಸುಮಾರು ಎಂಟು ವರ್ಷ ಶಾಲೆಯಲ್ಲಿ ಹೆಚ್ಚುಕಡಿಮೆ ಮೂಕನಾಗಿಯೇ ಇದ್ದ. ಪ್ರೌಢಶಾಲೆಯ ಶಿಕ್ಷಕರೊಬ್ಬರಿಗೆ ಅವನು ಕವಿತೆ ಬರೆಯುವುದು ಗೊತ್ತಾಯಿತು. ಅದು ಅವನದೇ ಎಂದು ನಂಬಬೇಕಾದರೆ ತರಗತಿಯ ಮುಂದೆ ಬಾಯಿಪಾಠ ಹೇಳಬೇಕೆಂದರು. ಹೇಳಿದ, ಉಗ್ಗಲಿಲ್ಲ. ಅದು ಚಕ್ಕೋತದಂಥ ಹುಳಿಹಣ್ಣೊಂದರ ಮೇಲಿನ ಕವಿತೆಯಂತೆ! ಅವರ ಉಗ್ಗು ಪೂರ್ತಿ ಹೋಗಲಿಲ್ಲ, ಜೀವನವಿಡೀ ಪದ ಆರಿಸಿ ಮಾತನಾಡುತ್ತಿದ್ದರು. ಮುಫಾಸನ ಆ ನಿಧಾನದ ಗಾಂಭೀರ್ಯದಲ್ಲಿ ಅದರ ಪಾಲೂ ಇದ್ದಿರಬೇಕು ಎಂಬುದು ನನ್ನ ಊಹೆ.

ನಿಮ್ಮ ಮಗನಿಗೆ ಕನ್ನಡ ಪ್ರಶ್ನೆಪತ್ರಿಕೆಯಾಗಿ ಬರುವುದನ್ನು ಮೊದಲು ನಿಲ್ಲಿಸಿ ನೋಡಿ. “ಇದೇನು ಹೇಳು, ಅದೇನು ಹೇಳು” ಬೇಡ. ಅವನಿಗೆ ಇಷ್ಟವಾದ ಯಾವುದೋ ಪ್ರಾಣಿಗೆ ನೀವೇ ಒಂದು ಕೆಟ್ಟ ಧ್ವನಿ ಕೊಡಿ. ಟೀವಿಯ ಸದ್ದು ತಗ್ಗಿಸಿ ನನ್ನ ಅಣ್ಣನಂತೆ ಕತೆ ಕಟ್ಟಿ. ತಪ್ಪು ಹೇಳಿದರೂ ಸರಿ, ತಿದ್ದಲಿಕ್ಕಾದರೂ ಅವನು ಬಾಯಿ ತೆರೆಯಬಹುದು. ನಮ್ಮ ಮನೆಯಲ್ಲಿ ಹಾಗೆಯೇ ಆಗಿತ್ತು.

ಇನ್ನು ಸಂಘದ ಸಮಿತಿಯವರಿಗೆ ಒಂದು ಕೋರಿಕೆ. ಪ್ರತಿ ನವೆಂಬರ್‌ನಲ್ಲಿ ಒಬ್ಬ ನಟರನ್ನು ಕರೆಸುತ್ತೇವೆ. ಅವರು ಎರಡು ಡೈಲಾಗ್ ಹೇಳುತ್ತಾರೆ, ನಾವು ಸಾಲು ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ, ಮಕ್ಕಳು ಹೊರಗೆ ಮೊಬೈಲ್ ನೋಡುತ್ತಿರುತ್ತಾರೆ. ಈ ಸಲ ಒಬ್ಬ ಕಂಠದಾನ ಕಲಾವಿದರನ್ನು ಕರೆಸೋಣ. ನನ್ನ ತಂಗಿಯೇ ಆಗಬೇಕೆಂದಿಲ್ಲ, ಅವಳೇ ನಾಲ್ಕು ಹೆಸರು ಬರೆದುಕೊಟ್ಟಿದ್ದಾಳೆ. ಒಂದು ಮೈಕು, ಒಂದು ಪರದೆ, ಐದು ನಿಮಿಷದ ಮೂಕ ಕಾರ್ಟೂನ್ ಸಾಕು, ಉಳಿದದ್ದನ್ನು ಮಕ್ಕಳು ಮಾಡುತ್ತಾರೆ. ವೀಸಾಕ್ಕೆ ಬೇಕಾದ ಆಹ್ವಾನಪತ್ರವನ್ನು ನಾನು ಬರೆಯುತ್ತೇನೆ, ಉಳಿದುಕೊಳ್ಳಲು ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಸೆಪ್ಟೆಂಬರ್ 5ರೊಳಗೆ ತಿಳಿಸಿದರೆ ಊರು ಬಿಡುವ ಮುನ್ನ ಇಲ್ಲಿಯೇ ಮಾತನಾಡಿ ಬರುತ್ತೇನೆ.